ಕೆರೆಯ ಕೆಸರೂ ಅದರಿಂದೇಳುವ ವಾಯುವೂ

ಕಳೆದ ವರುಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಈಗಿನ ಮಕ್ಕಳ ತಾಯಿತಂದೆಗಳೂ ಕೂಡಿ, ಶಾಲೆಯ ಹಿಂಬದಿಯ ಕೆರೆಯ ದಂಡೆಗೆ ಕಲ್ಲಿನ ಮೆಟ್ಟಿಲು, ಕಬ್ಬಿಣದ ಬೇಲಿ, ನಾಲ್ಕು ದೀಪದ ಕಂಬಗಳು, ಇವುಗಳಿಗಾಗಿ ಹಣ ಕೂಡಿಸಿ ಕೊಟ್ಟರು. ಈ ಸ್ಮಾರಕ ಸಂಚಿಕೆಯು ಕೈಸೇರಿದ ಮೇಲೆ ಅವರು ಕೆರೆಯ ಕಡೆಗೆ ಬಂದು ನೋಡಿದರೆ ಮೆಟ್ಟಿಲೂ ಕಾಣದು, ಬೇಲಿಯೂ ಕಾಣದು. ಬೋರ್ಡಿಂಗಿನ ಸ್ನಾನದ ಮನೆಯ ಹಿಂದೆ ಎರಡು ತೊಟ್ಟಿಗಳೂ ಜೊಂಡು ನೆಟ್ಟ ಉದ್ದನೆಯ ಒಂದು ಪಾತಿಯೂ ಮಾತ್ರ ಕಾಣುವುವು. ಯಾವ ಕೆಲಸಕ್ಕೆಂದು ಹಣ ಕೊಟ್ಟರೋ ಆ ಕೆಲಸಕ್ಕೇ ಅದನ್ನು ಬಳಸುವುದು ನ್ಯಾಯ. ಬೇರೆಯದಕ್ಕೆ ಬಳಸಿದ ಪಕ್ಷದಲ್ಲಿ ಕಾರಣವನ್ನು ಮರೆಮಾಚದೆ ಹೇಳುವುದು ನಮ್ಮ ಕರ್ತವ್ಯ. ದಾನಿಗಳೆಲ್ಲರಿಗೂ ಪತ್ರ ಬರೆದು ಒಪ್ಪಿಗೆ ಪಡೆದೆವಾದರೂ, ಪತ್ರದಲ್ಲಿ ಹಿಡಿಸದಷ್ಟು ಸಂಗತಿಗಳು ಉಳಿದವು. ಅವನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ನಮ್ಮ ಕೆರೆಯನ್ನು ಅರಿಯದ ಹಳೆಯ ವಿದ್ಯಾರ್ಥಿನಿ ಇರಲಾರಳು. ನಾವೂ ಇದೇ ಬೋರ್ಡಿಂಗಿನಲ್ಲಿ ಬೆಳೆದವರು. ಶನಿವಾರ ಬೆಳಿಗ್ಗೆ ಬಟ್ಟೆಯ ಗಂಟು ಹೊತ್ತು ಏರಿಯ ಮೇಲೆ ಸಾಲಾಗಿ ನಡೆದು, ತೂಬಿನ ಬಳಿಯ ಚಪ್ಪಡಿಗಳ ಮೇಲೆ ಒಗೆದು, ಹುಲ್ಲಿನ ಮೇಲೆ ಹರವಿ ಬರುತ್ತಿದ್ದೆವು. ಮೊಣಕಾಲುದ್ದದ ನೀರಿನಲ್ಲಿ ನಿಂತರೆ ಕಾಲ್ಬೆರಳುಗಳು ಕಾಣುತ್ತಿದ್ದವು. ಸಣ್ಣ ಮೀನುಗಳು ಬಂದು ಕಚಗುಳಿ ಇಡುತ್ತಿದ್ದವು. ಇಂದು ಆ ನೀರು ಸೊಪ್ಪು ಬೇಯಿಸಿ ಬಸಿದ ನೀರಿನಂತೆ ಹಸುರಾಗಿದೆ. ಬೇಸಿಗೆಯ ಮಧ್ಯಾಹ್ನ ದಂಡೆಯಲ್ಲಿ ಸುಮ್ಮನೆ ನಿಂತರೆ ಗುಳುಗುಳು ಎಂದು ಗುಳ್ಳೆಗಳೇಳುವ ಸದ್ದು ಕೇಳಿಸುವುದು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಕೇಳಿ, “ಮಿಸ್, ಕೆಳಗೆ ಯಾರಾದರೂ ಉಸಿರು ಬಿಡ್ತಿದ್ದಾರಾ?” ಎಂದಳು. ಗೆಳತಿಯರನ್ನು ನಗಿಸುವುದಕ್ಕೆ ಆಡಿದ ಮಾತು ಅದು. ಆದರೆ ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ನಾವೂ ಕೇಳಲಾರೆವು.

ಇದೇ ಪ್ರಶ್ನೆಯನ್ನು ಇಟಲಿ ದೇಶದ ಅಲೆಸ್ಸಾಂಡ್ರೊ ವೋಲ್ಟಾ ಎಂಬ ಪಂಡಿತನು ೧೭೭೬ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ಕೇಳಿದನು. ವಿದ್ಯುತ್ತಿನ ಬ್ಯಾಟರಿಯನ್ನು ಕಂಡುಹಿಡಿದು ಮುಂದೆ ಕೀರ್ತಿ ಪಡೆದವನು ಇವನೇ. ವೋಲ್ಟ್ ಎಂಬ ಮಾನಕ್ಕೆ ಇವನ ಹೆಸರೇ ಇಟ್ಟಿದೆ. ಆತನು ಮಾಜೊರೆ ಸರೋವರದ ದಂಡೆಯಲ್ಲಿ ಅಂಜೇರಾ ಎಂಬ ಊರಿನ ಬಳಿ ಕೋಲಿನಿಂದ ಕೆಸರನ್ನು ಕಲಕಿ, ಮೇಲೇಳುವ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು, ಅದಕ್ಕೆ ಬೆಂಕಿ ತೋರಿಸಿದನು. ವಾಯುವು ನೀಲಿಯ ಜ್ವಾಲೆಯಾಗಿ ಉರಿಯಿತು. ಜವುಗಿನ ವಾಯುವೆಂದು ಹೆಸರಾದ ಅದನ್ನೇ ಈಗ ಮೀಥೇನ್ ಎನ್ನುತ್ತಾರೆ.

ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಅದೇ ಪ್ರಯೋಗವನ್ನು ಮಕ್ಕಳ ಎದುರಿಗೆ ಮಾಡಿದರು. ನೀರು ತುಂಬಿದ ಸೀಸೆಯನ್ನು ನೀರೊಳಗೇ ಬೋರಲು ಹಿಡಿದು, ಬಾಯಿಗೆ ಆಲಿಕೆಯನ್ನು ಸಿಕ್ಕಿಸಿ, ಅದರ ಕೆಳಗಿನ ಕೆಸರನ್ನು ಬಿದಿರಿನ ಗಳುವಿನಿಂದ ಕಲಕಿದರು. ಗುಳ್ಳೆಗಳು ಆಲಿಕೆಯ ಮೂಲಕ ಏರಿ ಸೀಸೆಯ ನೀರನ್ನು ಕೆಳಕ್ಕೆ ತಳ್ಳಿದವು. ನಾವು ಎಣಿಸಿದ್ದಕ್ಕಿಂತ ಬಹು ಬೇಗ ಸೀಸೆ ಬರಿದಾಯಿತು, ಎಂದರೆ ವಾಯುವಿನಿಂದ ತುಂಬಿತು. ಕಡ್ಡಿ ಗೀರಿ ಹಿಡಿದಾಗ ನೀಲಿಯ ಜ್ವಾಲೆ ಕ್ಷಣಮಾತ್ರ ಕುಣಿದು ಆರಿತು. ಮಕ್ಕಳು ಇದನ್ನು ದೊಡ್ಡವರಿಲ್ಲದೆ ಮಾಡಕೂಡದೆಂದು ಕಟ್ಟಪ್ಪಣೆ ಮಾಡಿದ್ದೇವೆ, ತಾಯಂದಿರೂ ಗಮನವಿಡಬೇಕು.

ಈ ವಾಯುವು ಕೆಸರಿನಲ್ಲಿ ಹುಟ್ಟುವುದು ಹೇಗೆ? ಕೆರೆಯಲ್ಲಿ ಬೆಳೆದ ಪಾಚಿ, ಉದುರಿದ ಎಲೆ, ಚರಂಡಿಯಿಂದ ಬಂದ ಕೊಳೆ, ಸತ್ತ ಹುಳುಮೀನು, ಎಲ್ಲವೂ ಕೊನೆಗೆ ತಳಕ್ಕೆ ಇಳಿಯುವುವು. ಅಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅವನ್ನು ಅರಗಿಸಿಕೊಳ್ಳುವುವು. ಪ್ರಾಣವಾಯು ಇರುವ ತನಕ ಅವು ನಮ್ಮಂತೆಯೇ ಅದನ್ನು ಬಳಸಿಕೊಂಡು ಅಂಗಾರಾಮ್ಲವಾಯುವನ್ನು ಬಿಡುವುವು; ಈಗಿನ ಪಠ್ಯಪುಸ್ತಕಗಳು ಇಂಗಾಲದ ಡೈಆಕ್ಸೈಡು ಎಂದು ಕರೆಯುವುದು ಇದನ್ನೇ. ಆದರೆ ಕೆಸರಿನೊಳಕ್ಕೆ ಪ್ರಾಣವಾಯು ಹೆಚ್ಚು ದೂರ ಇಳಿಯಲಾರದು. ಕೊಬ್ಬಿದ ಕೆರೆಯಲ್ಲಿ ಕೆಲವೇ ಕೂದಲೆಳೆಯಷ್ಟು ಆಳದಲ್ಲಿ ಅದು ಮುಗಿದುಹೋಗುವುದು. ಅನಂತರ ಬೇರೆ ಬೇರೆ ಜೀವಿಗಳು ಸರದಿಯಂತೆ ನೈಟ್ರೇಟು, ಕಬ್ಬಿಣ, ಗಂಧಕದ ಲವಣ ಮುಂತಾದುವುಗಳನ್ನು ಪ್ರಾಣವಾಯುವಿಗೆ ಬದಲಾಗಿ ಉಪಯೋಗಿಸುವುವು. ಇವೂ ತೀರಿದ ಮೇಲೆ ಎಲ್ಲರೂ ಉಂಡೆದ್ದ ಪಂಕ್ತಿಗೆ ಕಡೆಯಲ್ಲಿ ಬಂದು ಕುಳಿತವರಂತೆ ಒಂದು ಪುರಾತನ ಜಾತಿಯ ಜೀವಿಗಳು ಉಳಿದುದನ್ನು ಉಂಡು ಮೀಥೇನನ್ನು ಬಿಡುವುವು. ಸಮುದ್ರದ ನೀರಿನಲ್ಲಿ ಗಂಧಕದ ಲವಣ ಹೇರಳವಾಗಿರುವುದರಿಂದ ಈ ಕಡೆಯ ಪಂಕ್ತಿಗೆ ಅಲ್ಲಿ ಅವಕಾಶ ಕಡಿಮೆ. ಸಿಹಿನೀರಿನ ಕೆರೆಗಳಲ್ಲಿ ಅದು ಬೇಗ ತೀರುವುದರಿಂದ ಮೀಥೇನಿನ ಕಸುಬಿಗೆ ಕೆರೆ, ಜವುಗು, ಭತ್ತದ ಗದ್ದೆಗಳೇ ತಕ್ಕ ಸ್ಥಳ.

ಹುಟ್ಟಿದ್ದೆಲ್ಲವೂ ಮೇಲಕ್ಕೆ ಬರುವುದಿಲ್ಲ. ಕೆಸರಿನ ಮೇಲ್ಪದರದಲ್ಲಿಯೂ ನೀರಿನಲ್ಲಿಯೂ ಮೀಥೇನನ್ನೇ ತಿಂದು ಬದುಕುವ ಬೇರೊಂದು ಬಗೆಯ ಜೀವಿಗಳಿವೆ. ಅವಕ್ಕೆ ಪ್ರಾಣವಾಯು ದೊರೆತರೆ ಮೀಥೇನಿನ ಬಹುಪಾಲನ್ನು ದಾರಿಯಲ್ಲೇ ಹಿಡಿದುಬಿಡುವುವು. ಇವು ಕೆರೆಯ ಕಾವಲುಗಾರರು. ಆದರೆ ವಾಯುವು ಗುಳ್ಳೆಯಾಗಿ ಹೊರಟರೆ ಕಾವಲುಗಾರರು ಏನು ಮಾಡಿಯಾರು? ಆಳವಾದ ಸರೋವರದಲ್ಲಿ ಗುಳ್ಳೆಯು ಏರುತ್ತೇರುತ್ತ ಬಹುಮಟ್ಟಿಗೆ ಕರಗಿಹೋಗುವುದು. ಆಳಿನುದ್ದಕ್ಕೂ ಕಡಿಮೆಯಾದ ನಮ್ಮ ಕೆರೆಗಳಲ್ಲಿ ಕಣ್ಣುಮಿಟುಕಿಸುವಷ್ಟರಲ್ಲಿ ಮೇಲೆ ಬಂದು ಒಡೆದು ಗಾಳಿಗೆ ಸೇರುವುದು. ನೀರು ಬೆಚ್ಚಗಾದಷ್ಟೂ ಈ ಜೀವಿಗಳ ಕೆಲಸ ಚುರುಕಾಗುವುದರಿಂದ, ಆಳವಿಲ್ಲದೆ ಬೆಚ್ಚಗಿದ್ದು ಕೊಳೆಯಿಂದ ತುಂಬಿದ ಕೆರೆಯೇ ಎಲ್ಲಕ್ಕಿಂತ ಹೆಚ್ಚು ಗುಳ್ಳೆ ಬಿಡುವ ಕೆರೆ. ನಮ್ಮ ನಾಡಿನ ಊರ ಕೆರೆಗಳ ವರ್ಣನೆಯೇ ಅದಾಗಿದೆ.

ಗುಳ್ಳೆ ಎದ್ದರೆ ಏನಾಯಿತು ಎಂದು ಕೇಳುವವರುಂಟು. ಭೂಮಿಯನ್ನು ಕಂಬಳಿಯಂತೆ ಹೊದ್ದು ಅದರ ಶಾಖವನ್ನು ಹಿಡಿದಿಡುವ ವಾಯುಗಳಲ್ಲಿ, ಮನುಷ್ಯನಿಂದ ಹೆಚ್ಚಾದುವುಗಳ ಪೈಕಿ, ಅಂಗಾರಾಮ್ಲದ ತರುವಾಯ ಮೀಥೇನಿನದೇ ದೊಡ್ಡ ಪಾಲು. ತೂಕಕ್ಕೆ ತೂಕ ಹಿಡಿದು ನೋಡಿದರೆ, ಇಪ್ಪತ್ತು ವರ್ಷಗಳ ಅವಧಿಯಲ್ಲಿ ಅದು ಅಂಗಾರಾಮ್ಲಕ್ಕಿಂತ ಸುಮಾರು ೮೦ ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುವುದು. ನೂರು ವರ್ಷಗಳ ಅವಧಿಯಲ್ಲಿ ಲೆಕ್ಕ ಮಾಡಿದರೆ ೨೮ ಪಟ್ಟಿನ ಆಸುಪಾಸು. ಈ ವ್ಯತ್ಯಾಸಕ್ಕೆ ಕಾರಣವೇನೆಂದರೆ, ಮೀಥೇನು ಗಾಳಿಯಲ್ಲಿ ಹತ್ತು ಹನ್ನೆರಡು ವರ್ಷಗಳಿಗೇ ಒಡೆದುಹೋಗುವುದು. ಅಂಗಾರಾಮ್ಲವಾದರೋ ಶತಮಾನಗಳ ಕಾಲ ಉಳಿಯುವುದು. ಯಂತ್ರಯುಗಕ್ಕೆ ಮುಂಚೆ ಗಾಳಿಯಲ್ಲಿದ್ದುದಕ್ಕಿಂತ ಎರಡೂವರೆ ಪಟ್ಟಿಗೂ ಮಿಗಿಲಾದ ಮೀಥೇನು ಇಂದು ಇದೆ. ೨೦೨೧ರಲ್ಲಿ ಪ್ರಕಟವಾದ ಒಂದು ಗಣನೆಯ ಪ್ರಕಾರ, ಜಗತ್ತಿನ ಮೀಥೇನಿನಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಕೆರೆ, ನದಿ, ಜವುಗು, ಅಣೆಕಟ್ಟಿನ ಜಲಾಶಯ, ಗದ್ದೆ ಮುಂತಾದ ನೀರಿನ ನೆಲೆಗಳಿಂದ ಬರುವುದು. ಅದರಲ್ಲಿ ಮನುಷ್ಯನು ಕೆಡಿಸಿದುದರಿಂದ ಹೆಚ್ಚಾದ ಭಾಗವನ್ನು ಮನುಷ್ಯನೇ ತಗ್ಗಿಸಬಹುದು. ತಗ್ಗಿಸಿದರೆ ಅದರ ಫಲವು ಇಂದು ನಮ್ಮ ಒಂದನೆಯ ತರಗತಿಯಲ್ಲಿರುವ ಮಕ್ಕಳು ದೊಡ್ಡವರಾಗುವಷ್ಟರಲ್ಲಿ ಕಾಣಿಸುವುದು.

ಇನ್ನು ಕೆರೆಯನ್ನು ಕೊಬ್ಬಿಸುವುದು ಯಾವುದು ಎಂಬುದನ್ನು ನೋಡೋಣ. ಮಣ್ಣಿನಲ್ಲಿ ಬೆಳೆಯುವ ಪೈರಿಗೆ ಗೊಬ್ಬರ ಹೇಗೋ ನೀರಿನಲ್ಲಿ ಬೆಳೆಯುವ ಪಾಚಿಗೆ ರಂಜಕವು ಹಾಗೆ. ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ಪ್ರಯೋಗಕ್ಕೆಂದೇ ಬಿಟ್ಟಿರುವ ಸರೋವರಗಳಿವೆ. ಅವುಗಳಲ್ಲಿ ೨೨೬ ಎಂಬ ಸಂಖ್ಯೆಯ ಸರೋವರವು ನಡುವೆ ಸೊಂಟದಂತೆ ಕಿರಿದಾಗಿದೆ. ೧೯೭೩ರಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯೂ ಅವರ ಜೊತೆಗಾರರೂ ಆ ಸೊಂಟಕ್ಕೆ ಅಡ್ಡಲಾಗಿ ಪರದೆ ಕಟ್ಟಿ, ಎರಡು ಪಾಲಿಗೂ ಇಂಗಾಲವನ್ನೂ ಸಾರಜನಕವನ್ನೂ ಹಾಕಿ, ಒಂದು ಪಾಲಿಗೆ ಮಾತ್ರ ರಂಜಕವನ್ನು ಸೇರಿಸಿದರು. ರಂಜಕ ಬಿದ್ದ ಪಾಲು ಹಸುರು ಬಣ್ಣ ಕರಗಿಸಿದಂತಾಯಿತು. ಮತ್ತೊಂದು ಪಾಲು ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಚಿತ್ರವನ್ನು ನೋಡಿದವರಿಗೆ ವಾದ ಬೇಕಿಲ್ಲ. ಈ ರಂಜಕವು ನಮ್ಮ ಕೆರೆಗಳಿಗೆ ಬರುವುದು ಮಲಮೂತ್ರದಿಂದ, ಹೊಲಕ್ಕೆ ಹಾಕಿದ ಗೊಬ್ಬರ ಕೊಚ್ಚಿಬರುವುದರಿಂದ, ಕೆಲವು ಬಗೆಯ ಸಾಬೂನಿನ ಪುಡಿಗಳಿಂದ. ರಂಜಕದಿಂದ ಪಾಚಿ; ಸತ್ತ ಪಾಚಿಯಿಂದ ಕೆಸರು; ಕೆಸರಿನಿಂದ ಮೀಥೇನು. ಪಾಚಿಯು ಎಲೆಕಡ್ಡಿಗಳಿಗಿಂತ ಮೆತ್ತಗಿರುವುದರಿಂದ ಸೂಕ್ಷ್ಮಜೀವಿಗಳಿಗೆ ಅದು ಸುಲಭವಾಗಿ ಅರಗುವ ಊಟ.

ಇಷ್ಟನ್ನು ಪಾಠ ಮಾಡಿದ ಮೇಲೆ ಮಕ್ಕಳಿಗೆ ಒಂದು ಕೆಲಸ ಕೊಟ್ಟೆವು. ಕೆರೆಯ ಸುತ್ತ ನಡೆದು, ನೀರು ಬಂದು ಸೇರುವ ದಾರಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಬೇಕೆಂದು ಹೇಳಿದೆವು. ಮೂರು ದಾರಿಗಳನ್ನು ಅವರು ಕಂಡರು. ಗುಡ್ಡದ ಕಡೆಯಿಂದ ಮಳೆನೀರು ತರುತ್ತಿದ್ದ ಹಳೆಯ ಕಾಲುವೆಯು ಹೊಸ ಬಡಾವಣೆಯ ರಸ್ತೆಯ ಕೆಳಗೆ ಮುಚ್ಚಿಹೋಗಿತ್ತು. ಪೇಟೆಯ ಚರಂಡಿಯು ಎಲ್ಲರಿಗೂ ತಿಳಿದದ್ದೇ. ಮೂರನೆಯದು ನಮ್ಮದೇ ಕಾಂಪೌಂಡ್ ಗೋಡೆಯ ಬುಡದಲ್ಲಿದ್ದ ತೂತಿನಿಂದ ಹೊರಟಿತ್ತು. ಬೋರ್ಡಿಂಗಿನ ಅಡಿಗೆಮನೆ, ಸ್ನಾನದ ಮನೆಗಳ ನೀರು, ಮಳೆಗಾಲದಲ್ಲಿ ತುಂಬಿ ಹರಿಯುವ ಕಕ್ಕಸಿನ ಗುಂಡಿಯ ನೀರು, ಎಲ್ಲವೂ ಹುಲ್ಲಿನ ಮರೆಯಲ್ಲಿ ಎಷ್ಟೋ ವರ್ಷಗಳಿಂದ ಅಲ್ಲಿಂದಲೇ ಕೆರೆಗೆ ಇಳಿಯುತ್ತಿದ್ದವು. ಮಕ್ಕಳು ಆ ದಾರಿಯನ್ನು ಕೆಂಪು ಸೀಸದಕಡ್ಡಿಯಿಂದ ಬರೆದು, ನಕ್ಷೆಯನ್ನು ನಮ್ಮ ಮೇಜಿನ ಮೇಲಿಟ್ಟು, ಏನೂ ಮಾತಾಡದೆ ನಿಂತರು. ಆ ಹೊತ್ತಿಗೆ ಕಲ್ಲುಕುಟಿಗನು ಮೆಟ್ಟಿಲಿನ ಚಪ್ಪಡಿಗಳಿಗೆ ಅಳತೆ ತೆಗೆದುಕೊಂಡು ಹೋಗಿದ್ದನು. ಶುಚಿತ್ವದ ಪಾಠವನ್ನು ಇಪ್ಪತ್ತು ವರ್ಷಗಳಿಗೂ ಮೇಲಾಗಿ ಹೇಳಿಕೊಟ್ಟ ನಮಗೆ ಆ ದಿನ ಮಕ್ಕಳ ಮುಖ ನೋಡುವುದು ಕಷ್ಟವಾಯಿತು.

ಹಾಗಾದರೆ ಚರಂಡಿಯನ್ನು ನಿಲ್ಲಿಸಿಬಿಟ್ಟರೆ ಕೆರೆ ತಿಳಿಯಾಗುವುದೇ? ಈ ಪ್ರಶ್ನೆಗೆ ಎರಡು ಸರೋವರಗಳು ಎರಡು ಉತ್ತರ ಕೊಡುತ್ತವೆ. ಅಮೆರಿಕದ ಸಿಯಾಟಲ್ ನಗರದ ಪಕ್ಕದಲ್ಲಿರುವ ವಾಷಿಂಗ್ಟನ್ ಸರೋವರಕ್ಕೆ ಸುತ್ತಣ ಊರುಗಳ ಕೊಳಚೆಯನ್ನು ಬಿಡುತ್ತಿದ್ದರು. ಎಡ್ಮಂಡ್‌ಸನ್ ಎಂಬ ಜೀವವಿಜ್ಞಾನಿಯು ಮುಂದಾಗುವ ಕೇಡನ್ನು ಮೊದಲೇ ಎಚ್ಚರಿಸಿದರು. ಜನರು ಮತಕೊಟ್ಟು ಹಣ ಒದಗಿಸಿದರು. ೧೯೬೩ರಿಂದ ೧೯೬೮ರೊಳಗೆ ಕೊಳಚೆಯನ್ನೆಲ್ಲ ಬೇರೆ ಕಡೆಗೆ ತಿರುಗಿಸಲಾಯಿತು. ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು. ಅದು ಆಳವಾದ ಸರೋವರ.

ಸ್ವೀಡನ್ ದೇಶದ ವೆಕ್ಷೊ ಊರಿನ ಟ್ರುಮ್ಮೆನ್ ಸರೋವರವು ಆಳವಿಲ್ಲದ್ದು, ಗಾತ್ರದಲ್ಲಿ ನಮ್ಮ ನಾಡಿನ ದೊಡ್ಡದೊಂದು ಕೆರೆಯಂತೆ. ೧೯೫೦ರ ದಶಕದ ಕೊನೆಯಲ್ಲಿಯೇ ಅದಕ್ಕೆ ಬರುತ್ತಿದ್ದ ಕೊಳಚೆಯನ್ನು ನಿಲ್ಲಿಸಿದರು. ಹತ್ತು ವರ್ಷ ಕಾದರೂ ಸರೋವರ ಚೇತರಿಸಿಕೊಳ್ಳಲಿಲ್ಲ. ಪಾಚಿಯೂ ದುರ್ವಾಸನೆಯೂ ಹಾಗೆಯೇ ಇದ್ದವು. ಕಾರಣವು ತಳದ ಕರಿಯ ಕೆಸರಿನಲ್ಲಿತ್ತು. ಕೊಳೆ ಬರುತ್ತಿದ್ದ ವರ್ಷಗಳಲ್ಲಿ ತುಂಬಿಕೊಂಡ ರಂಜಕವನ್ನು ಕೆಸರಿನ ಕಬ್ಬಿಣವು ಹಿಡಿದಿಟ್ಟುಕೊಂಡಿರುವುದು, ತಳದಲ್ಲಿ ಪ್ರಾಣವಾಯು ತೀರಿದಾಗ ಹಿಡಿತ ಸಡಿಲಿ ರಂಜಕವು ಮತ್ತೆ ನೀರಿಗೆ ಬರುವುದು, ಅದರಿಂದ ಪಾಚಿ, ಪಾಚಿ ಸತ್ತು ಮತ್ತೆ ಕೆಸರು. ಹಳೆಯ ಸಾಲದ ಬಡ್ಡಿಯು ತಾನೇ ಬೆಳೆದು ಅಸಲನ್ನು ತೀರಿಸಲು ಬಿಡದಿರುವಂತೆ. ಆಗ ಲುಂಡ್ ವಿಶ್ವವಿದ್ಯಾಲಯದ ಸ್ವೆನ್ ಬ್ಯೋರ್ಕ್ ಮತ್ತು ಅವರ ಸಂಗಡಿಗರ ಮಾರ್ಗದರ್ಶನದಲ್ಲಿ ೧೯೭೦ರಲ್ಲಿಯೂ ೧೯೭೧ರಲ್ಲಿಯೂ ತಲಾ ಅರ್ಧ ಮೀಟರಿನಷ್ಟು ಕೆಸರನ್ನು ಯಂತ್ರದಿಂದ ಹೀರಿ ತೆಗೆದರು. ನೀರಿನ ರಂಜಕವು ಬಹಳ ಇಳಿದುಹೋಯಿತು, ನೀರು ತಿಳಿಯಾಯಿತು. ತೆಗೆದ ಕೆಸರನ್ನು ಒಣಗಿಸಿ ಹುಲ್ಲುಹಾಸುಗಳಿಗೂ ತೋಟಗಳಿಗೂ ಗೊಬ್ಬರವಾಗಿ ಬಳಸಿದರು.

ಆ ಕಾಲದಲ್ಲಿ ಅವರ ಲಕ್ಷ್ಯವೆಲ್ಲ ನೀರಿನ ತಿಳಿಯ ಮೇಲಿತ್ತೇ ಹೊರತು ಗುಳ್ಳೆಗಳ ಮೇಲಲ್ಲ. ಗುಳ್ಳೆಗಳನ್ನು ಎಣಿಸುವ ಕೆಲಸವನ್ನು ಈಚಿನವರು ಕೈಕೊಂಡಿದ್ದಾರೆ. ನೀರಿನ ಮೇಲೆ ಬೋರಲು ಡಬ್ಬಿಯನ್ನು ತೇಲಬಿಟ್ಟು ಅದರೊಳಗೆ ವಾಯು ಹೆಚ್ಚುವ ವೇಗವನ್ನು ಅಳೆಯುವರು. ನೀರೊಳಗೆ ಆಲಿಕೆಗಳನ್ನು ಇಳಿಬಿಟ್ಟು ಗುಳ್ಳೆ ಹಿಡಿಯುವರು. ವೋಲ್ಟಾನ ಸೀಸೆಗೂ ಇವಕ್ಕೂ ಜಾತಿ ಒಂದೇ. ನೆದರ್ಲೆಂಡ್ಸ್ ದೇಶದ ಸಂಶೋಧಕರು ಕೆರೆಯ ಕೆಸರನ್ನೂ ನೀರನ್ನೂ ದೊಡ್ಡ ತೊಟ್ಟಿಗಳಲ್ಲಿ ತುಂಬಿ, ಕೆಲವದರಲ್ಲಿ ಕೊಬ್ಬಿದ ಕೆಸರನ್ನು ತೆಗೆದು, ಕೆಲವದರಲ್ಲಿ ರಂಜಕವನ್ನು ಕಟ್ಟಿಹಾಕುವ ಒಂದು ಬಗೆಯ ಜೇಡಿಯನ್ನು ಹಾಕಿ, ಕೆಲವನ್ನು ಹಾಗೆಯೇ ಬಿಟ್ಟು ಹೋಲಿಸಿದರು. ೨೦೨೨ರಲ್ಲಿ ಪ್ರಕಟವಾದ ಅದರ ಫಲಿತಾಂಶವೇನೆಂದರೆ, ಕೆಸರು ತೆಗೆದರೂ ರಂಜಕವನ್ನು ಕಟ್ಟಿದರೂ ಮೀಥೇನು ಇಳಿಯಿತು. ಕೆರೆಯ ಜೀರ್ಣೋದ್ಧಾರವು ಕೆರೆಗೆ ಮಾತ್ರವಲ್ಲ, ಮೇಲಣ ಗಾಳಿಗೂ ಒಳ್ಳೆಯದೆಂದು ಈಗ ಹೇಳಬಹುದಾಗಿದೆ.

ಇದನ್ನೋದುವಾಗ ನಮ್ಮ ಹಿರಿಯರ ನೆನಪಾಗದೆ ಇರಲಿಲ್ಲ. ಸ್ವೀಡನ್ನಿನವರು ಯಂತ್ರ ತಂದು ಮಾಡಿದ್ದನ್ನು ನಮ್ಮ ಹಳ್ಳಿಯವರು ಗುದ್ದಲಿ ಮಂಕರಿಗಳಿಂದ ಬೇಸಿಗೆ ಬೇಸಿಗೆಗೂ ಮಾಡುತ್ತಿದ್ದರು. ಕೆರೆ ಬತ್ತಿದಾಗ ತಳದ ಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೆ ಆಳ, ಹೊಲಕ್ಕೆ ಸಾರ. ನೀರಗಂಟಿಯು ತೂಬನ್ನು ಕಾಯುತ್ತಿದ್ದನು, ಕೋಡಿ ಕೆಟ್ಟರೆ ಊರೇ ಕೂಡಿ ಸರಿಪಡಿಸುತ್ತಿತ್ತು. ಹಿಂದಿನದೆಲ್ಲವೂ ಚಿನ್ನವೆಂದು ನಾವು ಹೇಳುವುದಿಲ್ಲ. ಬಿಟ್ಟಿಯ ದುಡಿಮೆಯೂ, ಯಾರು ಯಾವ ಕಡೆಯಿಂದ ನೀರು ಮುಟ್ಟಬೇಕೆಂಬ ಕಟ್ಟುಪಾಡೂ ಅದೇ ಕೆರೆಯ ಕತೆಯಲ್ಲಿ ಸೇರಿವೆ. ಆದರೂ ಕೊಬ್ಬಿದ ಕೆಸರನ್ನು ಎತ್ತಿ ಅದರ ಸಾರ ಬೇಕಾದಲ್ಲಿಗೆ ಸಾಗಿಸುವ ಬುದ್ಧಿ ಮೆಚ್ಚತಕ್ಕದ್ದೇ. ಈಗ ಅದನ್ನು ಕಣ್ಣುಮುಚ್ಚಿ ಅನುಸರಿಸುವಂತಿಲ್ಲ. ಕಾರ್ಖಾನೆಗಳ ನೀರು ಕುಡಿದ ಕೆರೆಯ ಗೋಡಿನಲ್ಲಿ ಸೀಸ, ಕ್ರೋಮಿಯಂ ಮೊದಲಾದ ವಿಷಲೋಹಗಳು ಇರುವುದುಂಟು. ಪರೀಕ್ಷೆ ಮಾಡಿಸದೆ ಸೊಪ್ಪಿನ ಮಡಿಗೆ ಹಾಕಕೂಡದು. ಮತ್ತೊಂದು ಮಾತು. ಕೆರೆಯನ್ನು ಬರಿದು ಮಾಡಿ ತಳವನ್ನು ಬಿಸಿಲಿಗೆ ಬಿಟ್ಟರೆ ಮೀಥೇನು ನಿಲ್ಲುವುದಾದರೂ, ಗಾಳಿ ತಗಲಿದ ಕೆಸರು ಅಂಗಾರಾಮ್ಲವನ್ನು ಹೇರಳವಾಗಿ ಬಿಡುವುದು. ಬತ್ತಿದ ಕೆರೆತಳಗಳ ಈ ಲೆಕ್ಕವನ್ನು ಅನೇಕ ದೇಶಗಳ ಸಂಶೋಧಕರು ಕೂಡಿ ೨೦೨೦ರಲ್ಲಿ ಪ್ರಕಟಿಸಿದರು. ಆದ್ದರಿಂದ ಬರಿದುಮಾಡಿದ ಕೆರೆಯನ್ನು ಗುತ್ತಿಗೆಯ ಜಗಳದಲ್ಲಿ ವರ್ಷಗಟ್ಟಲೆ ಹಾಗೆಯೇ ಬಿಡುವುದು ಯಾವ ರೀತಿಯಿಂದಲೂ ಒಳ್ಳೆಯದಲ್ಲ.

ಬೆಂಗಳೂರಿನ ತಾಯಿತಂದೆಗಳಿಗೆ ಬೆಳ್ಳಂದೂರು ಕೆರೆಯ ಸಂಗತಿಯನ್ನು ಹೇಳಬೇಕಾಗಿಲ್ಲ. ಊರಿನ ಕೊಳಚೆಯ ದೊಡ್ಡ ಪಾಲನ್ನು ಕುಡಿದ ಆ ಕೆರೆಯಲ್ಲಿ ೨೦೧೫ರ ಮೇ ತಿಂಗಳಿನಲ್ಲಿ ನೊರೆಯೇ ಹೊತ್ತಿ ಉರಿಯಿತು. ೨೦೧೮ರ ಜನವರಿಯಲ್ಲಿ ಎದ್ದ ಬೆಂಕಿಯನ್ನು ಆರಿಸಲು ಸೈನಿಕರೂ ಬರಬೇಕಾಯಿತು. ನೀರು ಉರಿಯಿತೆಂದು ಜಗತ್ತೇ ಆಶ್ಚರ್ಯಪಟ್ಟಿತು. ಒಣಹುಲ್ಲು, ಕಸ, ಎಣ್ಣೆ ಇವುಗಳ ಪಾಲೆಷ್ಟು, ಮೀಥೇನಿನ ಪಾಲೆಷ್ಟು ಎಂಬ ವಾದಕ್ಕೆ ನಾವು ಕೈಹಾಕುವುದಿಲ್ಲ. ಕಣ್ಣಿಗೆ ಕಾಣುವಂತೆ ಉರಿಯದ ಕೆರೆಗಳೂ ಹಗಲಿರುಳು ಅದೇ ವಾಯುವನ್ನು ಬಿಡುತ್ತಿವೆ ಎಂಬುದನ್ನಷ್ಟೇ ನೆನಪಿಡಬೇಕು. ಅದೇ ನಗರದ ಉತ್ತರದಲ್ಲಿ ಜಕ್ಕೂರು ಕೆರೆಯಿದೆ. ದಿನಕ್ಕೆ ೧ ಕೋಟಿ ಲೀಟರು ಕೊಳಚೆಯನ್ನು ಶುದ್ಧಿಮಾಡುವಂತೆ ಮೊದಲು ಕಟ್ಟಿದ ಸ್ಥಾವರದಿಂದ ಹೊರಟ ನೀರು ಜೊಂಡು ಬೆಳೆದ ಜವುಗನ್ನು ಹಾದು, ಅಲ್ಲಿ ಉಳಿದ ಸಾರವನ್ನು ಬಿಟ್ಟು, ಅನಂತರ ಕೆರೆಗೆ ಇಳಿಯುವುದು. ಅಲ್ಲಿ ಬೆಸ್ತರು ಬಲೆ ಬೀಸುವುದನ್ನೂ ಹಕ್ಕಿಗಳು ಬಂದಿಳಿಯುವುದನ್ನೂ ನಮ್ಮ ಮಕ್ಕಳು ಪ್ರವಾಸ ಹೋದಾಗ ನೋಡಿದರು.

ಕೆರೆಯ ಸುತ್ತ ಬೇಲಿ ಹಾಕಿ, ಕಲ್ಲು ಹೊದಿಸಿ, ನಡೆಯುವ ದಾರಿ ಮಾಡಿ, ನಡುವೆ ಕಾರಂಜಿ ಇಟ್ಟು ಜೀರ್ಣೋದ್ಧಾರವಾಯಿತೆಂದು ಹೇಳುವ ವಾಡಿಕೆ ಬೆಳೆದಿದೆ. ಚರಂಡಿ ಒಳಕ್ಕೆ ಬರುತ್ತಲೇ ಇದ್ದರೆ, ತಳದ ಕೆಸರು ಹಾಗೆಯೇ ಇದ್ದರೆ, ಆ ಕೆರೆಯು ಹೊಸ ಸೀರೆಯುಟ್ಟ ರೋಗಿಯಂತೆ. ನೇರಳೆ ಹೂವಿನ ನೀರುಕಳೆಯನ್ನು ಕಿತ್ತು ದಂಡೆಯಲ್ಲೇ ರಾಶಿ ಹಾಕಿದರೆ ಅದು ಕೊಳೆತು ಸಾರವು ಮತ್ತೆ ನೀರಿಗೇ ಇಳಿಯುವುದು; ಕಿತ್ತ ಕಳೆಯನ್ನು ದೂರ ಸಾಗಿಸಿ ಗೊಬ್ಬರ ಮಾಡಬೇಕು. ನಮ್ಮ ಮೆಟ್ಟಿಲುಗಳ ಯೋಚನೆಯೂ ಇದೇ ಜಾತಿಯದೆಂದು ಒಪ್ಪಿಕೊಳ್ಳಬೇಕಾಗಿದೆ. ದಾನಿಗಳಲ್ಲೊಬ್ಬರು, “ಹೆಸರು ಕೆತ್ತಿದ ಮೆಟ್ಟಿಲಾದರೆ ಬಂದವರ ಕಣ್ಣಿಗೆ ಬೀಳುತ್ತದೆ, ಅಮ್ಮನವರೇ, ಮೋರಿಯನ್ನು ಯಾರು ನೋಡುತ್ತಾರೆ?” ಎಂದು ಕೇಳಿದರು. ಅವರು ತಮ್ಮ ತೀರಿಹೋದ ತಂಗಿಯ ನೆನಪಿಗಾಗಿ ಕೊಟ್ಟವರು. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಅವರನ್ನು ಕರೆದುಕೊಂಡುಹೋಗಿ ಗೋಡೆಯ ಬುಡದ ತೂತನ್ನು ತೋರಿಸಿದೆವು. ಬಹಳ ಹೊತ್ತು ನೋಡಿ, “ಅವಳೂ ಈ ನೀರಲ್ಲೇ ಬಟ್ಟೆ ಒಗೀತಿದ್ದಳು” ಎಂದರು. ಒಪ್ಪಿಗೆಯ ಪತ್ರಕ್ಕೆ ಮೊದಲು ಸಹಿ ಹಾಕಿದವರು ಅವರೇ.

ಹಣದಿಂದ ಮಾಡಿದ ಕೆಲಸ ಇಷ್ಟು. ಕಕ್ಕಸಿನ ಹಳೆಯ ಗುಂಡಿಯನ್ನು ತೆಗೆಸಿ, ಸೋರದ ಹೊಸ ತೊಟ್ಟಿಯನ್ನು ಕಟ್ಟಿಸಿದೆವು. ಅದನ್ನು ಕಾಲಕಾಲಕ್ಕೆ ಬಳಿಸಿ ಸಾಗಿಸಬೇಕು. ಅಡಿಗೆಮನೆ, ಸ್ನಾನದ ಮನೆಗಳ ನೀರು ಮೊದಲು ಮತ್ತೊಂದು ತೊಟ್ಟಿಯಲ್ಲಿ ನಿಂತು ಜಿಡ್ಡನ್ನೂ ಗಸಿಯನ್ನೂ ಬಿಡುವುದು. ತರುವಾಯ ಜಲ್ಲಿ ತುಂಬಿದ ಪಾತಿಯಲ್ಲಿ ಜೊಂಡಿನ ಬೇರುಗಳ ನಡುವೆ ಮೆಲ್ಲನೆ ಹರಿದು, ಕೊನೆಗೆ ಬಾಳೆಯ ತೋಟಕ್ಕೆ ಹೋಗುವುದು. ಕೆರೆಗೆ ಒಂದು ಚೆಂಬಿನಷ್ಟೂ ಇಳಿಯುವುದಿಲ್ಲ. ಇಂಥ ಜೊಂಡಿನ ಪಾತಿಗಳೂ ಸ್ವಲ್ಪ ಮೀಥೇನನ್ನು ಬಿಡುವುವು. ಜೊಂಡಿನ ಟೊಳ್ಳು ದಂಟುಗಳು ಕೊಳವೆಗಳಂತೆ ಅದನ್ನು ಮೇಲಕ್ಕೆ ಸಾಗಿಸುವುವು. ಆದರೆ ಅದೇ ಕೊಳವೆಗಳಿಂದ ಬೇರಿಗೆ ಪ್ರಾಣವಾಯುವೂ ಇಳಿಯುವುದು. ಅದೇ ಕೊಳೆ ಕೆರೆಯ ತಳದಲ್ಲಿ ವರ್ಷಾನುಗಟ್ಟಲೆ ಕೊಳೆಯುವುದಕ್ಕಿಂತ ಇದು ಲೇಸೆಂದು ನಮ್ಮ ಅಭಿಪ್ರಾಯ. ಜೊಂಡನ್ನು ಆಗಾಗ ಕೊಯ್ಯದಿದ್ದರೆ ಪ್ರಯೋಜನವಿಲ್ಲ. ಅದನ್ನು ಕೊಯ್ಯುವ ಸರದಿಯ ಪಟ್ಟಿಯನ್ನು ಬೋರ್ಡಿಂಗಿನ ಬಾಗಿಲಲ್ಲಿ ಅಂಟಿಸಿದೆ. ಬಟ್ಟೆ ಒಗೆಯಲು ರಂಜಕವಿಲ್ಲದ ಸಾಬೂನನ್ನೇ ಕೊಳ್ಳುತ್ತೇವೆ. ಪೇಟೆಯ ಚರಂಡಿ, ಮುಚ್ಚಿಹೋದ ಮಳೆನೀರಿನ ಕಾಲುವೆ, ಕೆರೆಯ ಹೂಳು, ಈ ಮೂರರ ವಿಷಯವಾಗಿ ಮಕ್ಕಳ ನಕ್ಷೆಯನ್ನು ಲಗತ್ತಿಸಿ ಊರಿನ ಆಡಳಿತದವರಿಗೆ ಮನವಿ ಸಲ್ಲಿಸಿದ್ದೇವೆ. ಖರ್ಚಿನ ಲೆಕ್ಕವನ್ನು ಶಾಲೆಯ ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದು.

ಕೆರೆಯಲ್ಲಿ ಏನಾದರೂ ಸುಧಾರಣೆ ಕಂಡಿತೇ ಎಂದು ಕೇಳುವವರಿಗೆ ಮಕ್ಕಳ ಪುಸ್ತಕವನ್ನು ತೋರಿಸುತ್ತೇವೆ. ಆಂಜೆಲೊ ಸೆಕ್ಕಿ ಎಂಬ ಪಾದ್ರಿಯವರು ೧೮೬೫ರಲ್ಲಿ ಹಡಗಿನಿಂದ ಬಿಳಿಯ ಬಿಲ್ಲೆಯೊಂದನ್ನು ಸಮುದ್ರಕ್ಕೆ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುವುದೆಂದು ಅಳೆದರು. ಜಗತ್ತಿನ ಸರೋವರಗಳ ತಿಳಿಯನ್ನು ಇಂದಿಗೂ ಆ ಬಿಲ್ಲೆಯಿಂದಲೇ ಅಳೆಯುತ್ತಾರೆ. ನಮ್ಮ ಬಿಲ್ಲೆಯು ಅಡಿಗೆಮನೆಯ ಹಳೆಯ ಅನ್ನದ ತಪ್ಪಲೆಯ ಮುಚ್ಚಳ; ಬಿಳಿಯ ಬಣ್ಣ ಬಳಿದು, ಗಂಟು ಹಾಕಿದ ಹಗ್ಗ ಕಟ್ಟಿದ್ದೇವೆ. ಒಂಬತ್ತನೆಯ ತರಗತಿಯವರು ಶನಿವಾರ ಶನಿವಾರವೂ ತೂಬಿನ ಕಟ್ಟೆಯ ಮೇಲಿಂದ ಅದನ್ನು ಇಳಿಬಿಡುವರು. ಮೊದಲ ಶನಿವಾರ ಅದು ಒಂದು ಗೇಣಿಗೇ ಕಾಣದಾಯಿತು. ಈ ಲೇಖನವನ್ನು ಅಚ್ಚಿಗೆ ಕಳಿಸುವ ವಾರದಲ್ಲಿಯೂ ಒಂದು ಗೇಣು. ಟ್ರುಮ್ಮೆನ್ನಿನಂತೆ ನಮ್ಮ ಕೆರೆಗೂ ಹಳೆಯ ಸಾಲವಿದೆ. ಕೆಂಪು ಸೀಸದಕಡ್ಡಿಯಿಂದ ನಕ್ಷೆ ಬರೆದ ಹುಡುಗಿಯರು ಈಗ ಹತ್ತನೆಯ ತರಗತಿಗೆ ಹೋಗಿದ್ದಾರೆ;  ಮುಚ್ಚಳವನ್ನೂ ಪುಸ್ತಕವನ್ನೂ ಹೊಸಬರ ಕೈಗೆ ಒಪ್ಪಿಸಿ, ಹಗ್ಗವನ್ನು ಎಲ್ಲಿ ಹಿಡಿಯಬೇಕೆಂದು ತೋರಿಸಿಕೊಟ್ಟಿದ್ದಾರೆ.